ಕಲಸಿದ ಚಹಾ

ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದ ಬುದೆ ಕಸ್ಮಿರಾ ನೆಲಕ್ಕೆ ಕೈ ಊರದೆ, ಗೋಡೆ ಹಿಡಿಯದೆ ಎದ್ದು ನಿಂತಳು. ಒಳಗೆ ನುಗ್ಗಿದ್ದ ಕೋಳಿಯನ್ನು ಬಾಗಿಲಾಚೆ ಓಡಿಸಿ ಬಂದು ಮತ್ತೆ ಹಾಗೆಯೇ ಕೂತಳು. ಪಾಲುಪಿ ಬಾಯಲ್ಲಿದ್ದ ತಾಹು ಎಂಬ ಸೋಯಾ ಗಿಣ್ಣಿನ ತುಂಡನ್ನು ಅಗಿಯುವುದು ಮರೆತು ನೋಡುತ್ತಲೇ ಇದ್ದಳು.

"ಏನೇ ನೋಕ್, ದೆವ್ವ ಕಂಡವಳ ಥರ ನೋಡ್ತೀಯ?"

"ಬುದೆ, ನೀವು ಈಗ ಹೆಂಗೆ ಎದ್ರಿ?"

"ಕಾಲಲ್ಲಿ ಎದ್ದೆ. ನಿಮ್ಮ ಕಂಪನಿಯೋರು ಬೇರೆ ಯಾವುದ್ರಲ್ಲಿ ಏಳ್ತಾರೆ?"

ಬುದೆ ಎಂದರೆ ದೊಡ್ಡಮ್ಮ; ಕಸ್ಮಿರಾ ಪಾಲುಪಿಯ ತಾಯಿಯ ಅಕ್ಕ, ಅಕ್ಕರೆಯಿಂದ ಅವಳನ್ನು ನೋಕ್, ಹುಡುಗಿ, ಎಂದೇ ಕರೆಯುತ್ತಿದ್ದಳು. ಎರಡು ವರ್ಷದ ಹಿಂದೆ ಇದೇ ಚಾಪೆಯಿಂದ ಅವಳನ್ನು ಎಬ್ಬಿಸಲು ಇಬ್ಬರು ಬೇಕಿತ್ತು. ಗಂಡ ತಾರ್ಜೋನ ಬಲಗಾಲನ್ನು ಸಕ್ಕರೆ ಕಾಯಿಲೆ ಮಂಡಿಯವರೆಗೆ ತಿಂದಿತ್ತು, ಆಮೇಲೆ ಅವನನ್ನೇ ತಿಂದಿತು. ಬುದೆಗೂ ಅದೇ ಕಾಯಿಲೆ. ಆಗ ದಿನಕ್ಕೆ ಎರಡು ಬಗೆಯ ಮಾತ್ರೆ, ಪಾದದಲ್ಲಿ ಒಣಗದ ಒಂದು ಹುಣ್ಣು. ಈಗ ಹುಣ್ಣಿನ ಜಾಗದಲ್ಲಿ ಬೆಳ್ಳಗಿನ ಕಲೆ ಇತ್ತು. ಮಾತ್ರೆಗಳು ಒಂದೊಂದಾಗಿ ನಿಂತಿದ್ದವು. ಸರ್ಕಾರಿ ಆರೋಗ್ಯ ಕೇಂದ್ರದ ಡಾಕ್ಟರ್ ಲಾರಸ್ ತಾವೇ ರಕ್ತ ನೋಡಿ, ತಾವೇ ನಿಲ್ಲಿಸಿದ್ದರು.

ಪಾಲುಪಿ ಮೆಡಿಕಲ್ ರೆಪ್. ಆರು ವರ್ಷದಿಂದ ಸ್ಲಾವಿ, ತೆಗಾಲ್ ಊರುಗಳ ಸುತ್ತಿನ ಡಾಕ್ಟರುಗಳ ಬಾಗಿಲಲ್ಲಿ ಕಾದು ನಿಂತು ಸಕ್ಕರೆ ಕಾಯಿಲೆಯ ಮಾತ್ರೆ ಹೊಗಳುವುದು ಅವಳ ಅನ್ನ. ಕಂಪನಿಯ ತರಬೇತಿಯಲ್ಲಿ ಅವಳಿಗೆ ತೋರಿಸಿದ ಚಿತ್ರ ಒಂದು ಮೆಟ್ಟಿಲು. ಮೊದಲ ಮೆಟ್ಟಿಲಲ್ಲಿ ಒಂದು ಮಾತ್ರೆ, ಆಮೇಲೆ ಎರಡು, ಆಮೇಲೆ ಮೂರು, ತುದಿಯಲ್ಲಿ ಸೂಜಿ. ರೋಗಿಯ ಬೊಂಬೆ ಪ್ರತಿ ಚಿತ್ರದಲ್ಲೂ ಮೇಲಕ್ಕೇ ಹತ್ತುತ್ತಿತ್ತು. ಇಳಿಯುವ ಬೊಂಬೆಯನ್ನು ಯಾರೂ ಬರೆದಿರಲಿಲ್ಲ. ಬರೆದಿಲ್ಲವೆಂದರೆ ಅಂಥದ್ದು ಇಲ್ಲ ಎಂದೇ ಪಾಲುಪಿ ನಂಬಿದ್ದಳು. ಬುದೆ ಇಳಿದಿದ್ದಾಳೆಂದು ತಾಯಿ ಫೋನಿನಲ್ಲಿ ಹೇಳಿದಾಗ, ಮುದುಕಿ ಮಾತ್ರೆ ಕದ್ದುಮುಚ್ಚಿ ಎಸೆಯುತ್ತಿರಬೇಕು ಅಂದುಕೊಂಡಿದ್ದಳು. ಈಗ ಅದೇ ಮುದುಕಿ ಕಣ್ಣೆದುರೇ ಎದ್ದು ಕೋಳಿ ಓಡಿಸಿದ್ದಳು.

"ಡಾಕ್ಟರ್ ಲಾರಸ್ ಏನು ಕೊಟ್ರು?" ಎಂದು ಪಾಲುಪಿ ಕೇಳಿದಳು.

"ಬೈಗುಳ ಕೊಟ್ರು. ಬೆಳಿಗ್ಗೆ ನಡೀ, ಶುಕ್ರವಾರ ಬಂದು ಕುಣಿ, ಅನ್ನ ಅರ್ಧ ಮಾಡು, ಚಹಾದ ಸಕ್ಕರೆ ಬಿಡು ಅಂದ್ರು. ಮೊದಲಿನ ಮೂರೂ ಮಾಡ್ತೀನಿ, ಕೊನೇದು ಆಗಲ್ಲ ಡಾಕ್ಟ್ರೇ, ನಾನು ಸ್ಲಾವಿಯೋಳು ಅಂದೆ."

ಅದು ಅರ್ಥವಾಗುವ ಮಾತು. ಸ್ಲಾವಿಯಲ್ಲಿ ಚಹಾ ಎಂದರೆ ಮಲ್ಲಿಗೆ ಬೆರೆತ ಎಲೆ, ಕೆಂಪು ಮಣ್ಣಿನ ಕುಡಿಕೆ, ಬಟ್ಟಲಲ್ಲಿ ಕಲ್ಲುಸಕ್ಕರೆಯ ಗಟ್ಟಿ ಹರಳು. ಬಿಸಿ ಚಹಾವನ್ನು ಹರಳಿನ ಮೇಲೆ ಸುರಿಯುತ್ತಾರೆ, ಕಲಸುವುದಿಲ್ಲ. ಮೊದಲ ಗುಟುಕು ಕಹಿ, ಕೊನೆಯ ಗುಟುಕು ಪಾನಕ. ಕಲಸಿದವನು ಹೊರಗಿನವನೆಂದು ಅಲ್ಲೇ ಗೊತ್ತಾಗುತ್ತದೆ. ಬುದೆ ಕಂಡುಕೊಂಡ ದಾರಿ ಸರಳವಾಗಿತ್ತು: ಹರಳು ಹಾಕಿಸಿಕೊಳ್ಳುವುದು, ಮೇಲಿನ ಕಹಿಯನ್ನಷ್ಟೇ ಕುಡಿಯುವುದು, ತಳದ್ದನ್ನು ಬಿಡುವುದು. ಕೊಟ್ಟವರಿಗೆ ಅವಮಾನವಾಗಲಿಲ್ಲ, ಕುಡಿದವಳಿಗೆ ಸಕ್ಕರೆ ಏರಲಿಲ್ಲ. ಶುಕ್ರವಾರ ಆರೋಗ್ಯ ಕೇಂದ್ರದಲ್ಲಿ ಕೂಡಿ ಕುಣಿಯುವ ಸಕ್ಕರೆ ಕಾಯಿಲೆಯವರ ಬಳಗದ ಹೆಂಗಸರೆಲ್ಲ ಅದನ್ನೇ ಕಲಿತರು.

"ಭಾನುವಾರ ನಿಮ್ಮ ಕಂಪನಿ ಜಾತ್ರೆ ಮಾಡ್ತದಂತಲ್ಲ," ಎಂದಳು ಬುದೆ. "ರಕ್ತ ಪರೀಕ್ಷೇನೂ ಪುಕ್ಕಟೆಯಂತೆ. ನನ್ನ ಸಕ್ಕರೆ ಅಂಕಿ ಮೈಕಿನಲ್ಲಿ ಓದಿಸ್ಬೇಕು ನೋಕ್. ತಾರ್ಜೋ ಕಾಲು ತೆಗೆದ ದಿನ ಒಬ್ಬಳು ದಾದಿ ನನ್ನ ಪಾದ ನೋಡಿ, ಮುಂದಿನ ಸರದಿ ನಿಮ್ದೇ ಅಮ್ಮಾ ಅಂದಿದ್ಳು. ಅವಳ ಮನೆ ಮೈದಾನದ ಪಕ್ಕದಲ್ಲೇ ಇದೆ. ಕೇಳಿಸ್ಕೊಳ್ಳಲಿ."

"ಅಂಕಿ ಏನಾದ್ರೂ ಏರಿದ್ರೆ?"

ಬುದೆ ಪಾದದ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಏರಿದ್ರೆ, ನಾನು ಇಷ್ಟು ದಿನ ಮಾಡಿದ್ದೆಲ್ಲ ಮಂಗಾಟ ಅಂತ ಅರ್ಥ. ಎರಡನೇ ಸಲ ಇಷ್ಟು ಒದ್ದಾಡೋಕೆ ನನ್ನ ಕೈಲಾಗಲ್ಲ. ಹರಳು ಹಾಕ್ಕೊಂಡು, ಚೆನ್ನಾಗಿ ಕಲಸ್ಕೊಂಡು, ಕುಡೀತಾ ಸಾಯ್ತೀನಿ."

ಪಾಲುಪಿ ತಾಹು ನುಂಗಿದಳು. ಭಾನುವಾರದ ಏರ್ಪಾಡು ಅವಳದೇ ಆಗಿತ್ತು.

ಏರ್ಪಾಡನ್ನು ಹೇಳಿಕೊಟ್ಟವನು ಮ್ಯಾನೇಜರ್ ವಿರ್ಯಾವಾನ್. ಜಕಾರ್ತದಿಂದ ಬಂದವನು, ಕೂದಲಿಗೆ ಜೆಲ್, ಮಾತಿಗೆ ಎಣ್ಣೆ. ಕಂಪನಿಯ ಕಿತ್ತಳೆ ಬಣ್ಣದ ಹೊಸ ಮಾತ್ರೆಯ ಮಾರಾಟ ಸ್ಲಾವಿಯಲ್ಲಿ ಮಾತ್ರ ಮೇಲೇಳುತ್ತಿರಲಿಲ್ಲ, ಕಾರಣ ಡಾಕ್ಟರ್ ಲಾರಸ್ ಅದನ್ನು ಬರೆಯುತ್ತಿರಲಿಲ್ಲ. ಆ ಡಾಕ್ಟರಿಗೆ ಊಟ ಬೇಡ, ಬಾಲಿಯ ಸಮ್ಮೇಳನ ಬೇಡ. ಬೇಕಿದ್ದದ್ದು ಒಂದೇ, ಬಳಗದ ಕುಣಿತಕ್ಕೆ ಧ್ವನಿವರ್ಧಕ. ಹಳೆಯದು ಕೆಟ್ಟು ವರ್ಷವಾಗಿತ್ತು. ವಿರ್ಯಾವಾನ್ ಅದನ್ನು ಕೊಡಿಸಿ, ಬದಲಿಗೆ ಭಾನುವಾರದ ಬೆಳಗನ್ನು ಕೇಳಿಕೊಂಡಿದ್ದ.

"ಕ್ರಮ ಕೇಳಿಸ್ಕೋ," ಎಂದಿದ್ದ ಕಾರಿನಲ್ಲಿ. "ಮೊದಲು ಕುಣಿತ. ಆಮೇಲೆ ಚಹಾ, ತಿಂಡಿ ಡಬ್ಬ. ಆಮೇಲೆ ನನ್ನ ಭಾಷಣ. ಕೊನೇಲಿ ಪರೀಕ್ಷೆ."

"ಪಾಕ್," ಎಂದಿದ್ದಳು ಪಾಲುಪಿ, ಸಾಹೇಬರೇ ಎನ್ನುವಂತೆ, "ಸಿಹಿ ಚಹಾ ಕುಡಿದ ಮೇಲೆ ಪರೀಕ್ಷೆ ಮಾಡಿದ್ರೆ ಎಲ್ಲರದ್ದೂ ಏರಿರುತ್ತೆ."

"ಹೌದಾ? ನನಗೆ ಗೊತ್ತೇ ಇರ್ಲಿಲ್ಲ ನೋಡು." ನಕ್ಕ. "ಪಾಲುಪಿ, ನಾವು ಮಾತ್ರೆ ಹೆಸರು ಎತ್ತಲ್ಲ, ಕಾನೂನು ಬಿಡಲ್ಲ. ಯಂತ್ರ ತೋರಿಸೋ ಅಂಕಿ ತೋರಿಸ್ತೀವಿ, ಅಷ್ಟೇ. ಅಂಕಿ ನೋಡಿ ಹೆದರಿದೋರಿಗೆ ನಮ್ಮ ಖಾಸಗಿ ಕ್ಲಿನಿಕ್ಕಿನ ಕೂಪನ್. ಅಲ್ಲಿನ ಡಾಕ್ಟ್ರು ನಮ್ಮೋರು. ಇದ್ರಲ್ಲಿ ಸುಳ್ಳು ಎಲ್ಲಿದೆ ಹೇಳು?"

ಎಲ್ಲಿದೆ ಎಂದು ಪಾಲುಪಿಗೆ ಗೊತ್ತಿತ್ತು. ತನ್ನ ಗುತ್ತಿಗೆ ಈ ತಿಂಗಳು ಮುಗಿಯುತ್ತದೆಂದೂ ಗೊತ್ತಿತ್ತು. ಎರಡನ್ನೂ ಉಳಿಸುವ ಉಪಾಯವನ್ನು ಅವಳು ಯೋಚಿಸಿದಳು. ಅಡುಗೆಯಮ್ಮ ಬು ತುರಾಗೆ ಫೋನ್ ಮಾಡಿ, ಚಹಾವನ್ನು ಕುಡಿಕೆಯಲ್ಲೇ ಕೊಡಿ, ಹರಳು ಬಟ್ಟಲಲ್ಲಿರಲಿ ಎಂದಳು. ಹೆಂಗಸರು ಮೇಲಿನದ್ದನ್ನು ಕುಡಿದು ತಳ ಬಿಡುತ್ತಾರೆ. ಮ್ಯಾನೇಜರನ ಕ್ರಮವೂ ನಡೆಯುತ್ತದೆ, ಬುದೆಯ ಅಂಕಿಯೂ ಉಳಿಯುತ್ತದೆ. ಉಪಾಯ ಹೊಳೆದ ದಿನ ಅವಳು ತನ್ನನ್ನು ತಾನೇ ಮೆಚ್ಚಿಕೊಂಡಿದ್ದಳು.

ಭಾನುವಾರ ಬೆಳಗಾಗುವ ಹೊತ್ತಿಗೆ ಮೈದಾನ ತುಂಬಿತ್ತು. ಕಂಪನಿ ಕೊಟ್ಟ ಕಿತ್ತಳೆ ಅಂಗಿಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಮುದುಕ ಮುದುಕಿಯರು. ದಕ್ಷಿಣಕ್ಕೆ ಸ್ಲಾಮೆತ್ ಬೆಟ್ಟ ಮೋಡವಿಲ್ಲದೆ ಬುಡದಿಂದ ತುದಿಯವರೆಗೆ ನಿಂತಿತ್ತು. ಹೊಸ ಧ್ವನಿವರ್ಧಕ ದಾಂಗ್ದುತ್ ಕುಣಿತದ ಹಾಡನ್ನು ಉಗುಳಿದ ಕೂಡಲೇ ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಪಾಲುಪಿ ಇಂಥ ಜನರನ್ನು ಕಾಯುವ ಬೆಂಚುಗಳ ಮೇಲೆ ಮಾತ್ರ ನೋಡಿದ್ದಳು. ಬೆಂಚಿನ ಮೇಲೆ ಅವರು ಬಾಗಿರುತ್ತಿದ್ದರು, ಕೈಯಲ್ಲಿ ಚೀಟಿ ಇರುತ್ತಿತ್ತು. ಇಲ್ಲಿ ಅವರಿಗೆ ಸೊಂಟಗಳಿದ್ದವು. ಸೊಂಟಗಳು ಎಡಕ್ಕೆ ಹೊರಟರೆ ಮೈದಾನವೇ ಎಡಕ್ಕೆ ಹೊರಟಂತಿತ್ತು. ಯಾರೋ ಸಡಿಲವಾದ ತಮ್ಮ ಕಟ್ಟಿದ ಹಲ್ಲನ್ನು ಜೇಬಿಗೆ ಹಾಕಿಕೊಂಡು ಕುಣಿತ ಮುಂದುವರಿಸಿದರು. ಪಾಲುಪಿಯ ಮೈ ಜುಮ್ಮೆಂದಿತು. ಇವರಲ್ಲಿ ಯಾರೂ ಅವಳ ತರಬೇತಿಯ ಬೊಂಬೆಯಂತಿರಲಿಲ್ಲ.

ಕುಣಿತ ಮುಗಿದು ಚಹಾ ಬಂತು. ಕುಡಿಕೆಗಳಲ್ಲಲ್ಲ, ಸ್ಟೀಲಿನ ದೊಡ್ಡ ಹಂಡೆಗಳಲ್ಲಿ. ಬು ತುರಾಳ ಆಳುಗಳು ಉದ್ದನೆಯ ಸೌಟಿನಿಂದ ಅದನ್ನು ತಿರುವುತ್ತಲೇ ಬಂದರು. ಪಾಲುಪಿ ಓಡಿ ಒಂದು ಲೋಟ ಕುಡಿದಳು. ನಾಲಿಗೆ ಅಂಟಿಕೊಂಡಿತು.

"ಬು, ನಾನು ಕುಡಿಕೆ ಅಂದಿದ್ದೆ!"

"ಇನ್ನೂರು ಕುಡಿಕೆ ಎಲ್ಲಿಂದ ತರ್ಲಿ ಮಗಾ?" ಬು ತುರಾ ಬೆವರು ಒರೆಸಿಕೊಂಡಳು. "ಹರಳು ಹಂಡೇಗೇ ಹಾಕಿ ಕರಗಿಸ್ದೆ. ನಿನ್ನ ಮೊದಲ ಕಾರ್ಯಕ್ರಮ ಅಲ್ವಾ, ಕೈಬಿಚ್ಚಿ ಹಾಕಿದೀನಿ. ಸಪ್ಪೆ ಚಹಾ ಕೊಟ್ಟು ನಿನ್ನ ಮಾನ ತೆಗೀಲಾ?"

ಕಲಸಿದ ಚಹಾಕ್ಕೆ ತಳ ಎಂಬುದೇ ಇಲ್ಲ. ಬಿಡುವುದಾದರೆ ಲೋಟವನ್ನೇ ಬಿಡಬೇಕು. ಪಾಲುಪಿ ತಿರುಗಿ ನೋಡಿದಳು. ಹೆಂಗಸರು ಮೊದಲ ಗುಟುಕಿಗೇ ಮುಖ ಹಿಂಡಿ, ಏನು ಮಾಡುವುದೆಂದು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಬುದೆ ಅವರ ನಡುವೆ ನಿಂತು ಗದರುತ್ತಿದ್ದಳು.

"ಏನ್ರೇ, ಮೂತಿ ಹಂಗ್ ಮಾಡ್ತೀರಾ? ನಮ್ಮ ಹುಡುಗಿ ಕೊಡಿಸಿದ ಚಹಾ ಅದು. ದೊಡ್ಡ ಸಾಹೇಬ ಅಲ್ಲಿ ನೋಡ್ತಾ ನಿಂತಿದಾನೆ. ಉಳಿಸಿದ್ರೆ ಅವಳ ಮರ್ಯಾದೆ ಏನಾಗ್ಬೇಕು? ಖಾಲಿ ಮಾಡಿ, ಎಲ್ಲಾರೂ!"

ಎಲ್ಲರೂ ಖಾಲಿ ಮಾಡಿದರು. ಬುದೆ ಎಲ್ಲರಿಗಿಂತ ಮೊದಲು ಮಾಡಿದಳು. ತಿಂಡಿಯ ಡಬ್ಬಗಳನ್ನು ಮಾತ್ರ ಯಾರೂ ತೆರೆಯಲಿಲ್ಲ, ಅವು ಮೊಮ್ಮಕ್ಕಳಿಗೆಂದು ಚೀಲ ಸೇರಿದವು.

ವಿರ್ಯಾವಾನನ ಭಾಷಣ ಶುರುವಾಯಿತು. ಸಕ್ಕರೆಯೆಂಬ ಮೌನ ಕೊಲೆಗಾರ ನಿಮ್ಮ ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಹೇಗೆ ಕದಿಯುತ್ತಾನೆ ಎಂದು ಅವನು ಸೊಗಸಾಗಿ ವರ್ಣಿಸುತ್ತ, ನಡುನಡುವೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಡಾಕ್ಟರ್ ಲಾರಸ್ ಹೆರಿಗೆಯೊಂದಕ್ಕೆ ಸಿಕ್ಕಿಕೊಂಡು ಇನ್ನೂ ಬಂದಿರಲಿಲ್ಲ. ಪರೀಕ್ಷೆಯ ಮೇಜಿನ ಬಳಿ ಪಾಲುಪಿ ರಕ್ತ ಪರೀಕ್ಷೆಯ ಪಟ್ಟಿಗಳ ಚೀಲವನ್ನು ತಬ್ಬಿಕೊಂಡು ನಿಂತಿದ್ದಳು. ಬುದೆಗೆ ಭಾಷಣ ಮುಗಿಯುವವರೆಗೆ ತಡೆಯಲಾಗಲಿಲ್ಲ, ಬಂದು ಬೆರಳು ಚಾಚಿದಳು.

"ಚುಚ್ಚು. ಅವನು ಬಾಯಿ ಮುಚ್ಚೋದ್ರೊಳಗೆ ಅಂಕಿ ತಯಾರಿರ್ಲಿ."

ಪಾಲುಪಿ ಚುಚ್ಚಿದಳು. ಏರಿರಲಾರದು ಎಂಬ ಮೂರ್ಖ ಆಸೆಯಿಂದ ಚುಚ್ಚಿದಳು. ಯಂತ್ರ ಇನ್ನೂರ ಮೂವತ್ತೊಂದು ತೋರಿಸಿತು.

ಬುದೆ ಅಂಕಿಯನ್ನು ನೋಡಿದಳು. ಯಂತ್ರವನ್ನು ತಿರುಗಿಸಿ ಮತ್ತೆ ನೋಡಿದಳು. ಅವಳ ಮುಖದಿಂದ ಏನೋ ಹೊರಟುಹೋಯಿತು. ಕೈ ತಾನಾಗಿ ಮೇಜಿನ ಅಂಚನ್ನು ಹುಡುಕಿತು. ಎರಡು ವರ್ಷದ ಹಿಂದಿನ ಹೆಂಗಸು ಮರಳಿ ಬಂದು ನಿಂತಂತಾಯಿತು.

"ಹಂಗಾದ್ರೆ ಆ ದಾದಿ ಹೇಳಿದ್ದೇ ಸರಿ," ಎಂದಳು.

ಮಾತ್ರೆ ಮಾರುವುದು ಇಷ್ಟು ಸುಲಭ ಎಂದು ಪಾಲುಪಿಗೆ ಆಗ ಗೊತ್ತಾಯಿತು. ಈಗ ಬುದೆಯ ಕೈಗೆ ಒಂದು ಕೂಪನ್ ಇಟ್ಟರೆ ಸಾಕು, ಅವಳು ಸಾಯುವವರೆಗೆ ಗಿರಾಕಿ.

"ಅಲ್ಲ ಬುದೆ. ಇದು ಚಹಾದ ಅಂಕಿ, ನಿಮ್ದಲ್ಲ. ಹೆದರಿಸೋದಕ್ಕೇ ಅಂತ ಮೊದಲು ಚಹಾ, ಆಮೇಲೆ ಪರೀಕ್ಷೆ ಇಟ್ಟಿದ್ದು. ನನಗೆ ಗೊತ್ತಿತ್ತು. ನೀವು ತಳ ಬಿಡ್ತೀರಾ ಅಂದ್ಕೊಂಡಿದ್ದೆ."

ಬುದೆ ಅವಳನ್ನು ದಿಟ್ಟಿಸಿದಳು. ಕಪಾಳಕ್ಕೆ ಬೀಳುತ್ತದೆಂದು ಪಾಲುಪಿ ಕಾದಳು.

"ನಿನ್ನ ಮರ್ಯಾದೆ ಉಳ್ಸೋಕೆ ಅಂತ ನಾನು ಕುಡಿದ್ನಲ್ಲೇ, ಕತ್ತೆ!"

"ಹೌದು."

"ಈಗ ಏನ್ ಮಾಡೋಣ? ವಾಂತಿ ಮಾಡ್ಲಾ?"

ಪಾಲುಪಿಯ ತಲೆಯಲ್ಲಿ ಒಂದು ಹಳೆಯ ಪಾಠ ಎದ್ದು ಬಂತು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ದಾರಿ ಕಾಯದೆ ತಾನೇ ಎಳೆದುಕೊಳ್ಳುತ್ತದೆ. ತರಬೇತಿಯ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿತ್ತು. ಪಾಠ ಹೇಳಿದವನು, ಇದು ಪಾಸಾಗುವುದಕ್ಕೆ, ಡಾಕ್ಟರುಗಳ ಮುಂದೆ ತೋರಿಸುವುದಕ್ಕಲ್ಲ ಎಂದು ನಗಿಸಿದ್ದ. ಅವಳು ಬಾಯಿಪಾಠ ಮಾಡಿದ್ದಳು, ನಂಬಿರಲಿಲ್ಲ.

"ಕುಣೀಬೇಕು," ಎಂದಳು. "ಇನ್ನೊಂದು ಸಲ. ಈಗಲೇ. ಕಾಲು ತೊಡೆ ಉರಿಯೋ ಹಂಗೆ. ತಲೆ ತಿರುಗಿದ್ರೆ ಮಾತ್ರ ಕೂತ್ಕೊಳ್ಳಿ."

ಬುದೆ ಮತ್ತೇನೂ ಕೇಳಲಿಲ್ಲ. ಜನರ ನಡುವೆ ನುಗ್ಗಿ ವೇದಿಕೆ ಹತ್ತಿ, ಮೂತ್ರಪಿಂಡದ ಮಾತಿನವರೆಗೆ ಬಂದಿದ್ದ ವಿರ್ಯಾವಾನನ ಕೈಯಿಂದ ಮೈಕನ್ನು ಮಗುವಿನ ಕೈಯಿಂದ ಚಾಕು ತೆಗೆಯುವ ಹಾಗೆ ತೆಗೆದುಕೊಂಡಳು.

"ತುಂಬಾ ಉಪಕಾರ ಪಾಕ್, ಹೆದರಿಕೆ ಆಯ್ತು, ಇವತ್ತಿಗೆ ಸಾಕು. ಏ ಕೇಳ್ರೇ! ನಾವು ಕುಡಿದಿದ್ದು ಚಹಾ ಅಲ್ಲ, ಸಕ್ಕರೆ ಮಡ್ಡಿ. ಇದನ್ನ ಮೈಯಲ್ಲಿಟ್ಕೊಂಡು ಬೆರಳು ಕೊಟ್ರೆ ನಮ್ಮ ವರ್ಷದ ಬೆವರೆಲ್ಲ ಮಣ್ಣುಪಾಲು. ಏಳಿ! ಇನ್ನೊಂದು ಸಲ ಕುಣಿದು ಅದನ್ನ ಓಡಿಸೋಣ!"

ಗೊಳ್ಳೆಂದು ನಗು ಎದ್ದಿತು. ಹಾಡು ಮತ್ತೆ ಮೊಳಗಿತು.

ವಿರ್ಯಾವಾನ್ ಇಳಿದು ನೇರ ಪಾಲುಪಿಯ ಹತ್ತಿರ ಬಂದ. ದನಿ ಎತ್ತರಿಸಲಿಲ್ಲ. "ಪರೀಕ್ಷೆ ಈಗಲೇ ಶುರುವಾಗ್ಲಿ. ಪಟ್ಟಿ ಕೊಡು."

"ಕುಣಿತ ಮುಗೀಲಿ ಪಾಕ್."

"ಪಾಲುಪಿ. ನಿನ್ನ ಗುತ್ತಿಗೆ ನನ್ನ ಸಹಿ ಮೇಲಿದೆ."

"ಗೊತ್ತು ಪಾಕ್." ಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡಳು. ಮೇಜಿನ ಮುಂದಿನಿಂದ ಅಲ್ಲಾಡಲಿಲ್ಲ. ಇನ್ನೂರು ಮುದುಕಿಯರ ಎದುರು ಒಂದು ಹುಡುಗಿಯ ಹೆಗಲಿನಿಂದ ಚೀಲ ಕಿತ್ತುಕೊಳ್ಳಲು ಅವನಿಗೂ ಧೈರ್ಯ ಬರಲಿಲ್ಲ. ಕಾರಿನ ನೆರಳಿಗೆ ಹೋಗಿ ಫೋನ್ ಹಿಡಿದು ನಿಂತ.

ಮೈದಾನದಲ್ಲಿ ನಡೆಯುತ್ತಿದ್ದದ್ದು ಬೆಳಗಿನ ಕುಣಿತವಲ್ಲ. ಬಿಸಿಲು ಏರಿತ್ತು. ದಣಿದ ಕಾಲುಗಳು ಎರಡನೆಯ ಸಲ ಎದ್ದಿದ್ದವು. ಕೂತು ಏಳುವ ಸುತ್ತು ಬಂದಾಗ ಇಡೀ ಮೈದಾನ ಕೆಳಗಿಳಿದು ನರಳುತ್ತ ಮೇಲೆದ್ದಿತು. ಬುದೆ ಮುಂದಿದ್ದಳು, ಶಿರವಸ್ತ್ರ ಬೆವರಿಗೆ ಅಂಟಿಕೊಂಡಿತ್ತು, ಬಿಳಿ ಕಲೆಯ ಪಾದ ನೆಲ ಗುದ್ದುತ್ತಿತ್ತು. ಪಾಲುಪಿಗೆ ಅವರ ಚರ್ಮದೊಳಗೆ ಕಂಡಂತಾಯಿತು: ಬಡಕಲು ತೊಡೆಗಳು, ಜೋತುಬಿದ್ದ ತೋಳುಗಳು, ಅವುಗಳ ನಾರುನಾರೂ ಬಾಯಿ ತೆರೆದು ರಕ್ತದಲ್ಲಿ ಹರಿಯುವ ಸಿಹಿಯನ್ನು ಹೀರುತ್ತಿದ್ದವು. ಯಾವ ಕಾರ್ಖಾನೆಯೂ ಮಾಡಿದ್ದಲ್ಲ ಅದು, ಯಾರೂ ಬಂದು ಅದನ್ನು ಹೊಗಳಿರಲಿಲ್ಲ. ಹುಟ್ಟಿದಾಗಿನಿಂದ ಅಲ್ಲೇ ಇತ್ತು. ಆರು ವರ್ಷ ಸಕ್ಕರೆ ಕಾಯಿಲೆಯ ಹೆಸರು ಹೇಳಿ ಊಟ ಮಾಡಿದ್ದ ಅವಳು ಇವತ್ತೇ ಅದನ್ನು ನೋಡುತ್ತಿದ್ದಳು.

ಹಾಡು ನಿಂತಾಗ ಡಾಕ್ಟರ್ ಲಾರಸ್ ಮೊಪೆಡ್ ಇಳಿದು ಬಂದರು. ಕುಳ್ಳಗಿನ ಹೆಂಗಸು, ತೋಳಿನಲ್ಲಿ ಇನ್ನೂ ಹೆರಿಗೆ ಕೋಣೆಯ ವಾಸನೆ. ಪಾಲುಪಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಡಾಕ್ಟರ್ ಧ್ವನಿವರ್ಧಕದ ಕಡೆ ಒಮ್ಮೆ ನೋಡಿ, "ಪುಕ್ಕಟೆ ಬಂತಲ್ಲ, ಆಗ್ಲೇ ಅನುಮಾನ ಪಡಬೇಕಿತ್ತು ನಾನು," ಎಂದರು. ಆಮೇಲೆ, "ಸರಿ, ಚುಚ್ಚು."

ಬುದೆ ಬೆರಳು ಕೊಟ್ಟಳು. ಈ ಸಲ ಅವಳು ಯಂತ್ರದ ಕಡೆ ನೋಡಲಿಲ್ಲ, ಬೆಟ್ಟದ ಕಡೆ ನೋಡಿದಳು.

ನೂರ ನಲವತ್ತಾರು.

ಪಾಲುಪಿ ಯಂತ್ರವನ್ನು ಹಿಡಿದೇ ನಿಂತಳು. ಕೈಯಲ್ಲಿದ್ದದ್ದು ಒಂದು ಅಂಕಿ, ಅಷ್ಟೇ. ಆದರೆ ಇಷ್ಟು ಬೇಗ, ಇಷ್ಟು ಸದ್ದಿಲ್ಲದೆ, ಎದುರಿಗಿದ್ದ ಮುದಿ ಮೈಯೊಳಗೆ ಇಷ್ಟೆಲ್ಲ ನಡೆದುಹೋಗಿತ್ತು. ಮಸೀದಿಯೊಳಗೆ ಕಾಲಿಟ್ಟಾಗ ಆಗುವಂತೆ ಅವಳ ದನಿ ತಾನಾಗಿ ತಗ್ಗಿತು.

"ನೂರ ನಲವತ್ತಾರು, ಬುದೆ."

"ಜೋರಾಗಿ ಹೇಳು. ಪಕ್ಕದ್ಮನೆಗೆ ಕೇಳ್ಬೇಕು."

ಡಾಕ್ಟರೇ ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಬುದೆ ತನ್ನ ಬೆರಳಿನ ರಕ್ತದ ಹನಿಯನ್ನು ಯಾರದೋ ಒಡವೆ ನೋಡುವಂತೆ ನೋಡುತ್ತ, "ಇದು ನನ್ನೊಳಗೇ ಇತ್ತಾ?" ಎಂದಳು. ಯಾರನ್ನೂ ಕೇಳಿದ್ದಲ್ಲ.

"ಪವಾಡ ಅಂದ್ಕೋಬೇಡಿ," ಎಂದು ಡಾಕ್ಟರ್ ಮೈಕಿನಲ್ಲೇ ಗದರಿದರು. "ಒಂದು ಕುಣಿತಕ್ಕೆ ಕಾಯಿಲೆ ಓಡಲ್ಲ. ಕುಣಿದ ಮೇಲೂ ಇಳೀದೇ ಇರೋರು ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ನನ್ನ ಹತ್ರ ಬನ್ನಿ. ಮಾತ್ರೆ ಬೇಕಾದೋರಿಗೆ ನಾನೇ ಕೊಡ್ತೀನಿ. ಬೇಕಾದೋರು ಬೇಡ ಅಂತ ಹಟ ಮಾಡಿದ್ರೆ ಒದೀತೀನಿ."

ಇಳಿಯದವರೂ ಇದ್ದರು. ತೀರ ಏರಿದ್ದ ಒಬ್ಬ ಮುದುಕನ ಬೆರಳನ್ನು ಪಾಲುಪಿ ಎರಡು ಸಲ ಚುಚ್ಚಿದಳು, ಅಂಕಿ ಬದಲಾಗಲಿಲ್ಲ. ಅವನಿಗೆ ಮಾತ್ರೆ ಬೇಕು, ಬಹುಶಃ ಕಿತ್ತಳೆ ಬಣ್ಣದ್ದೇ ಬೇಕಾದೀತು. ಅದನ್ನು ಹೇಳಲು ಅವಳಿಗೆ ನಾಚಿಕೆಯಾಗಲಿಲ್ಲ. ಕೂಪನ್ನುಗಳ ಕಟ್ಟು ಮೇಜಿನ ಕೆಳಗೆ ಹಾಗೇ ಬಿದ್ದಿತ್ತು.

ಬುದೆ ಮೈದಾನ ದಾಟಿ ಕಾರಿನ ನೆರಳಿಗೆ ಹೋದಳು. "ನೀವೂ ಒಂದು ಲೋಟ ಕುಡಿದ್ರಿ ಪಾಕ್, ನಾನು ನೋಡ್ದೆ. ಬೆರಳು ಕೊಡಿ."

ವಿರ್ಯಾವಾನ್ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. "ನಾಳೆ ಆಫೀಸಿಗೆ ಬಾ," ಎಂದು ಪಾಲುಪಿಯ ಕಡೆ ಕೂಗಿ ಕಾರು ಹತ್ತಿದ.

ಬುದೆ ವಾಪಸ್ ಬಂದು ಮೇಜಿನ ಪಕ್ಕ ನೆಲದ ಮೇಲೆ ಕೂತಳು. "ಕೆಲಸದಿಂದ ತೆಗೀತಾನಾ?"

"ತೆಗೀತಾನೆ."

"ಅಳ್ತೀಯಾ?"

"ರಾತ್ರಿ ಅಳ್ತೀನಿ. ಈಗ ಸಾಲು ಇದೆ."

ಸಾಲು ಮೈದಾನದ ಅರ್ಧದವರೆಗೆ ಇತ್ತು. ಬೆವರಿ ಕೆಂಪಾದ ಮುಖಗಳು, ಏದುಸಿರು, ಅಲ್ಲೊಂದು ಇಲ್ಲೊಂದು ಕೊಳಕು ಜೋಕು. ಎಲ್ಲರೂ ಬಲಗೈ ಮುಂದೆ ಚಾಚಿಕೊಂಡೇ ನಿಂತಿದ್ದರು. ಮುಂದಿನ ಮುದುಕಿಯ ಅಂಗೈಯನ್ನು ಪಾಲುಪಿ ತನ್ನ ಕೈಯೊಳಗೆ ತೆಗೆದುಕೊಂಡಳು. ಅದು ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿಯಿತ್ತು, ಒಳಗೆ ನಾಡಿ ಢವಢವನೆ ಹೊಡೆಯುತ್ತಿತ್ತು. ಅವಳು ಒಂದು ಗಳಿಗೆ ಚುಚ್ಚಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು.